ಗಿಳಿಹಸಿರು ದುಪಟ್ಟಾ, ಮೂರು ಗ್ಲಾಸು ಕಬ್ಬಿನ ಹಾಲು

ನಾಗಪುರದಲ್ಲಿ ಮೇ ತಿಂಗಳು ಬಂತೆಂದರೆ ಯಾರಿಗೂ ಮುಖ ಇರುವುದಿಲ್ಲ. ನಲವತ್ತೈದು ಡಿಗ್ರಿ ಬಿಸಿಲಿಗೆ ಹೆದರಿ ಹೆಂಗಸರು ಗಂಡಸರು ಎಲ್ಲರೂ ತಲೆಯಿಂದ ಕುತ್ತಿಗೆಯವರೆಗೆ ಬಟ್ಟೆ ಸುತ್ತಿಕೊಂಡು, ಅದರ ಮೇಲೊಂದು ಕಪ್ಪು ಕನ್ನಡಕ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಯಾರು ಯಾರೆಂದು ಗೊತ್ತಾಗಬೇಕಾದರೆ ಬಟ್ಟೆಯ ಬಣ್ಣ ನೋಡಬೇಕು. ನನ್ನ ಹೆಂಡತಿ ಬೇಬಿ ಕೆಂಪು ಚೌಕಳಿ. ಕೆಳಗಿನ ಮನೆಯ ದೇಚಮ್ಮ ನೀಲಿ. ನಾನು ಬಿಳಿ ಟವೆಲು. ಮಗಳು ಪೂರ್ವಿ ಗಿಳಿಹಸಿರಿನ ಮೇಲೆ ಹಳದಿ ಮಾವಿನಕಾಯಿ. ಇದನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು.

ನಾನು, ತಮ್ಮಯ್ಯ, ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಸ್ಟೋರು ನೋಡಿಕೊಂಡವನು. ನಿವೃತ್ತಿಯಾದ ಮೇಲೆ ಇಲ್ಲೇ ಉಳಿದು, ಇತವಾರಿ ಪೇಟೆಯಲ್ಲಿ ಒಬ್ಬ ಸೇಠರ ಕಬ್ಬಿಣದ ಸಾಮಾನಿನ ಗೋದಾಮು ನೋಡಿಕೊಳ್ಳುತ್ತಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಹೋದರೆ ಹನ್ನೆರಡಕ್ಕೆ ಮನೆ. ಮನೆಯನ್ನೂ ಸ್ಟೋರಿನಂತೆಯೇ ಇಟ್ಟಿದ್ದೇನೆ. ಹತ್ತನೆಯ ಪರೀಕ್ಷೆ ಮುಗಿಸಿದ ಹುಡುಗಿ ಎರಡು ತಿಂಗಳು ಸುಮ್ಮನೆ ಬಿದ್ದುಕೊಂಡರೆ ಕೆಡುತ್ತಾಳೆಂದು ಏಪ್ರಿಲ್ ಒಂದರಂದೇ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಮೇಲೆ ‘ಪೂರ್ವಿಗೆ’ ಎಂದು ದಪ್ಪಕ್ಷರ. ಕೆಳಗೆ ಐದು ನಿಯಮ. ಹನ್ನೆರಡರಿಂದ ಐದರವರೆಗೆ ಹೊಸಲು ದಾಟಕೂಡದು. ಕೂಲರಿನ ತೊಟ್ಟಿಗೆ ದಿನಕ್ಕೆ ಎರಡು ಸಲ ನೀರು ತುಂಬತಕ್ಕದ್ದು. ತಾರಸಿಯ ಮೇಲೆ ಒಣಗುವ ಸಂಡಿಗೆಯನ್ನು ಪಾರಿವಾಳದಿಂದ ಕಾಯತಕ್ಕದ್ದು. ಸುಳ್ಳು ಹೇಳಕೂಡದು. ದೊಡ್ಡವರು ಕೇಳಿದಾಗ ಬಾಯಿ ಬಿಟ್ಟು ಉತ್ತರ ಕೊಡತಕ್ಕದ್ದು.

ಪೂರ್ವಿಗೆ ಕನ್ನಡ ಓದಲು ಬರುವುದು ಅಷ್ಟಕ್ಕಷ್ಟೆ. ಬೇಬಿ ಓದಿ ಹೇಳಿದಳು. ಹುಡುಗಿ ಕೇಳಿ, “ಇಷ್ಟೇನಾ, ಇನ್ನೂ ಇದೆಯಾ?” ಎಂದಳು. ಎದುರು ಮಾತಾಡಕೂಡದು ಎಂಬುದನ್ನು ಬರೆಯಲು ಮರೆತಿದ್ದೆ.

ಆ ಹಾಳೆಯ ಪಕ್ಕದಲ್ಲೇ ಇನ್ನೊಂದು ಕಾಗದವಿತ್ತು. ಸ್ಕೂಲಿನವರು ಮಕ್ಕಳನ್ನು ಚಿಖಲ್‌ದರಾ ಬೆಟ್ಟಕ್ಕೆ ಹತ್ತು ದಿನದ ಶಿಬಿರಕ್ಕೆ ಕರೆದೊಯ್ಯುವ ಒಪ್ಪಿಗೆ ಪತ್ರ. ಗೆಳತಿಯರೆಲ್ಲ ಹೆಸರು ಕೊಟ್ಟಾಗಿತ್ತು. ನಮ್ಮದರಲ್ಲಿ ತಂದೆಯ ಸಹಿ ಒಂದು ಬಾಕಿ.

“ಮೇ ಇಪ್ಪತ್ತರವರೆಗೆ ನಿನ್ನ ಮೇಲೆ ಒಂದೇ ಒಂದು ದೂರು ಬರಬಾರದು,” ಎಂದೆ. “ಬರ್ನಿಲ್ಲ ಅಂದ್ರೆ ಸೈನು.”

ಅಂದಿನಿಂದ ಹುಡುಗಿ ತೊಟ್ಟಿಗೆ ಎರಡರ ಬದಲು ಮೂರು ಸಲ ನೀರು ತುಂಬತೊಡಗಿದಳು. ಚಿಖಲ್‌ದರಾದಲ್ಲಿ ಚಳಿಯಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಟ್ರಂಕಿನಿಂದ ಸ್ವೆಟರು ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಳು. ನೆಲ ಕಾದ ಕಾವಲಿಯಂತಿರುವಾಗ ಸ್ವೆಟರು ನೋಡಿದರೇ ನನಗೆ ಬೆವರು ಬರುತ್ತಿತ್ತು.

ನಾನು ಸುಮ್ಮನಿರಬಹುದಿತ್ತು. ಬಸವ ಜಯಂತಿಗೆ ಕನ್ನಡ ಸಂಘದ ಊಟದಲ್ಲಿ ಪಕ್ಕಕ್ಕೆ ಕೂತದ್ದು ಬ್ಯಾಂಕ್ ಮ್ಯಾನೇಜರ್ ಬಿಂದುಮಾಧವ. ವಿಜಯಪುರದ ಕಡೆಯವರು. ತಮ್ಮ ಮಗನ ಬಗ್ಗೆ ದೂರಿದರು. “ಅಭಿಜಿತ್ ಮಧ್ಯಾಹ್ನ ಮನ್ಯಾಗ ನಿಲ್ಲಂಗೇ ಇಲ್ಲ ನೋಡ್ರಿ ತಮ್ಮಯ್ಯ.”

“ನನ್ನ ಮಗಳು ನನ್ನ ಕೇಳ್ದೆ ಕಿಟಕೀನೂ ತೆಗೆಯಾಕಿಲ್ಲ ಸಾರ್,” ಎಂದೆ. “ಎಲ್ಲಾ ಸಾಕೋದ್ರಲ್ಲಿ ಐತೆ.”

ಬಡಿಸುತ್ತಿದ್ದ ಅವರ ಹೆಂಡತಿ ವಿಜಯಾ ಅವರ ಕೈಯಲ್ಲಿ ತುಪ್ಪದ ಚಮಚ ಅಲ್ಲೇ ನಿಂತಿತು. ಬೇಬಿಯ ಕಣ್ಣು ತಪ್ಪಿಸಿ ಹಾಕಿಸಿಕೊಂಡಿದ್ದ ನನ್ನ ಹೋಳಿಗೆಗೆ ತುಪ್ಪ ಬೀಳಲೇ ಇಲ್ಲ.

ಕಣ್ಣು ತಪ್ಪಿಸಿದ್ದೇಕೆಂದು ಹೇಳಬೇಕು. ಹೋದ ವರ್ಷ ಗೋದಾಮಿನಲ್ಲಿ ತಲೆ ತಿರುಗಿ ಬಿದ್ದೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಬೇಬಿ ನೇರ ಸೇಠರ ಹತ್ತಿರ ಹೋಗಿ, ನಮ್ಮನೆಯವರನ್ನು ಎದುರಿನ ಅಂಗಡಿಗೆ ಬಿಡಬೇಡಿ ಎಂದು ಹರಕು ಹಿಂದಿಯಲ್ಲಿ ಹೇಳಿ ಬಂದಳು. ಎದುರಿಗಿರುವುದು ರಸವಂತಿ, ಅಂದರೆ ಕಬ್ಬಿನ ಹಾಲಿನ ಅಂಗಡಿ. ಇಲ್ಲಿ ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿರುತ್ತಾರೆ. ತಿರುಗಿದಾಗಲೆಲ್ಲ ಘಲ್ ಘಲ್ ಎನ್ನುತ್ತದೆ. ನಾನು ಮಂಡ್ಯ ಸೀಮೆಯವನು. ಹಲ್ಲು ಬಂದಾಗ ಮೊದಲು ಕಚ್ಚಿದ್ದೇ ಕಬ್ಬು. ದಿನಕ್ಕೆ ಐದು ಗಂಟೆ ಆ ಗೆಜ್ಜೆ ಕೇಳಿಕೊಂಡು, ಮೊಳೆ ಬೋಲ್ಟು ಎಣಿಸಿಕೊಂಡು, ಬಾಟಲಿಯ ನೀರು ಕುಡಿದು ಮನೆಗೆ ಬರುತ್ತಿದ್ದೆ. ಸೇಠರು ಬಾಗಿಲಲ್ಲೇ ಕುರ್ಚಿ ಹಾಕಿ ಕೂತು ನನ್ನ ಮೀಸೆಯನ್ನೇ ನೋಡುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಕೂಲರಿನ ಪಂಪು ಸುಟ್ಟಿತು. ಕೂಲರ್ ನಿಂತರೆ ನಾಗಪುರದಲ್ಲಿ ಸಂಸಾರ ನಿಂತ ಹಾಗೆ. ಹೊಸ ಪಂಪಿಗೆ ಇತವಾರಿಗೇ ಹೋಗಬೇಕು. ನನ್ನ ಬಿಳಿ ಟವೆಲು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಪೂರ್ವಿಯ ದುಪಟ್ಟಾ, ಇಲ್ಲಿಯ ಹೆಣ್ಣುಮಕ್ಕಳು ಬಿಸಿಲಿಗೆ ಹಾಕುವ ಮೊಣಕಾಲುದ್ದದ ಬಿಳಿ ಕೋಟು, ಕೈಗವಸು, ಸ್ಕೂಟಿಯ ಬೀಗದ ಕೈ ನೇತಾಡುತ್ತಿದ್ದವು. ಬೇಬಿ ಕೆಳಗೆ ದೇಚಮ್ಮನವರ ಕೂಲರಿನ ಮುಂದೆ ಮಲಗಿದ್ದಳು. ಎಲ್ಲವನ್ನೂ ಏರಿಸಿಕೊಂಡು ಹೊರಟೆ. ಆಳು ನಾನು ಮೊದಲೇ ಸಣ್ಣ.

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಿಂದುಮಾಧವರ ಕಾರು ಬಂದು ನಿಂತಿತು. ನಾನು ನಮಸ್ಕಾರ ಮಾಡಲು ಕೈಯೆತ್ತಿದೆ. ಅವರು ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ಆಗ ನನಗೆ ಹೊಳೆಯಿತು. ಇಡೀ ನಾಗಪುರದಲ್ಲಿ ತಮ್ಮಯ್ಯ ಎಂಬವನು ಈ ಹೊತ್ತಿನಲ್ಲಿ ಇಲ್ಲವೇ ಇಲ್ಲ. ಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಇಷ್ಟು ದೊಡ್ಡ ರಜೆ ನನಗೆ ಯಾರೂ ಕೊಟ್ಟಿರಲಿಲ್ಲ.

ಪಂಪು ಕೊಂಡವನು ಸೀದಾ ರಸವಂತಿಯ ಬಾಕಿನ ಮೇಲೆ ಕೂತೆ. ಎದುರಿಗೆ ಸೇಠರು. ನೋಡಿದರು, ಆಕಳಿಸಿದರು.

“ಬೋಲೋ ದೀದಿ,” ಎಂದ ಅಂಗಡಿಯವನು.

ಮೀಸೆ ಹೊತ್ತ ಗಂಡಸನ್ನು ದೀದಿ ಎಂದದ್ದಕ್ಕೆ ಬೇರೆ ದಿನವಾಗಿದ್ದರೆ ಅವನ ಗಾಣ ಬೀದಿಗೆ ಬೀಳುತ್ತಿತ್ತು. ಆದರೆ ಗೆಜ್ಜೆ ಘಲ್ ಎಂದಿತು. ನಾನು ಒಂದು ಬೆರಳೆತ್ತಿದೆ. ಗ್ಲಾಸನ್ನು ದುಪಟ್ಟಾದ ಅಡಿಯಿಂದ ತೂರಿಸಿ ಕುಡಿದೆ. ಮತ್ತೊಂದು ಬೆರಳು. ಮತ್ತೊಂದು.

“ಅರೇ, ದೀದಿ ಬೋಲ್ ನಹೀ ಸಕ್ತೀ,” ಎಂದ ಅವನು ಸುತ್ತ ಕೂತಿದ್ದ ಹಮಾಲರಿಗೆ. “ಪೆಹಲೇ ಇನ್ಕೋ ದೋ.” ಮೂಗಿ ಎಂದು ಕರುಣೆಪಟ್ಟು ನನಗೇ ಮೊದಲು ಕೊಡಿಸಿದ, ಎರಡು ಚೂರು ಶುಂಠಿ ಹೆಚ್ಚಿಗೆ ಹಾಕಿದ. ಇಂಥ ಮರ್ಯಾದೆ ನನಗೆ ಗಂಡಸಾಗಿ ಎಲ್ಲೂ ಸಿಕ್ಕಿಲ್ಲ.

ಮರುದಿನ ಸಂಜೆ ವಿಜಯಾ ಬಂದರು. ಕೈಯಲ್ಲಿ ಒಂದು ಡಬ್ಬಿ ಚಟ್ನಿಪುಡಿ. ಆ ಹೆಂಗಸು ಕೆಟ್ಟ ಸುದ್ದಿಯನ್ನು ಬರಿಗೈಯಲ್ಲಿ ತರುವವರಲ್ಲ.

“ಬೇಬಿಯವರ, ನಾ ಹೇಳಬಾರದಂತ ಮಾಡಿದ್ದೆ. ಆದ್ರ ಹೆಣ್ಣುಮಕ್ಕಳ ವಿಷಯ. ನಿನ್ನೆ ಎರಡೂವರಿಗೆ ಇತವಾರ್ಯಾಗ ನಿಮ್ಮ ಪೂರ್ವಿನ್ನ ನೋಡಿದೆ.”

“ಇತವಾರೀಲಾ? ಅವ್ಳು ಕಾಲೋನಿ ಗೇಟು ದಾಟಿಸಿ ಗಾಡಿ ಓಡ್ಸಾಕಿಲ್ಲ ಕನ್ರೀ.”

“ನಿಮ್ಮದ ಬಿಳಿ ಸ್ಕೂಟಿ. ಅದ ಹಸರ ದುಪಟ್ಟಾ, ಅದ ಮಾವಿನಕಾಯಿ. ರಸವಂತಿ ಬಾಕಿನ ಮ್ಯಾಲೆ, ಹಮಾಲರ ನಡುವ, ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಕುಂತಿದ್ಲು. ಒಂದಲ್ಲ, ಮೂರು ಗ್ಲಾಸ್. ಕುಡದು ತೇಗಿದ್ಲು ನೋಡ್ರಿ, ರಸ್ತಾದ ಆಕಡೆ ನಿಂತ ನನಗ ಕೇಳಿಸ್ತು.”

ತೇಗಿದ್ದು ನಿಜ. ಆದರೆ ರಸ್ತೆಯಾಚೆಗೆ ಕೇಳುವಷ್ಟು ಜೋರಾಗಿ ಖಂಡಿತ ಅಲ್ಲ. ಎಲ್ಲವನ್ನೂ ದೊಡ್ಡದು ಮಾಡುವ ಚಾಳಿ ಆ ಹೆಂಗಸಿಗೆ.

ಪಂಪು ತರಲು ನಾನು ಆಟೋದಲ್ಲಿ ಹೋಗಿದ್ದೆನೆಂದೇ ಬೇಬಿ ನಂಬಿದ್ದಳು. ವಿಚಾರಣೆ ನಡೆಸಬೇಕಾದವನು ಮನೆಯ ಯಜಮಾನ. ನಡೆಸಿದೆ.

“ಅಪ್ಪ, ಕಸಮ್ ಸೇ, ನಾನು ತಾರಸಿ ಮೇಲಿದ್ದೆ,” ಎಂದಳು ಪೂರ್ವಿ. “ಸಂಡಿಗೆ ಕಾಯ್ತಾ ಇದ್ದೆ.”

“ಸಾಕ್ಷಿ ಯಾರವ್ರೆ?”

“ಪಾರಿವಾಳ.”

ತಪ್ಪು ನನ್ನದಾದಾಗ ನನ್ನ ದನಿ ಎರಡು ಪಟ್ಟು ಏರುತ್ತದೆ. ಸೇನೆಯಲ್ಲೂ ಹಾಗೇ ಇತ್ತು. ಅಂದು ನಾನು ಕಿರುಚಿದ್ದಕ್ಕೆ ಕೆಳಗಿನ ಮನೆಯ ದೇಚಮ್ಮ ಮೇಲೆ ಬಂದು, ಗ್ಯಾಸ್ ಸಿಲಿಂಡರ್ ಏನಾದರೂ ಸಿಡಿಯಿತೇ ಎಂದು ಕೇಳಿ ಹೋದರು. “ಇನ್ನೊಂದು ದೂರು ಬಂದ್ರೆ ಸೈನು ಮರ್ತುಬುಡು,” ಎಂದು ತೀರ್ಪು ಕೊಟ್ಟೆ.

ಪೂರ್ವಿ ಮೊಳೆಯಿಂದ ದುಪಟ್ಟಾ ತೆಗೆದು ಮೂಸಿದಳು. “ಅಪ್ಪ, ಇದ್ರಿಂದ ಶುಂಠಿ ವಾಸನೆ ಬರ್ತಿದೆ.”

“ಅಡುಗೆಮನೆ ಪಕ್ಕ ನೇತಾಕಿದ್ರೆ ಇನ್ನೇನು ಬತ್ತದೆ?” ಎಂದೆ. ಪಂಪು ಜೋಡಿಸುವ ಕೆಲಸ ನೆನಪಾಗಿ ಎದ್ದುಹೋದೆ. ಅದನ್ನು ಹಿಂದಿನ ದಿನವೇ ಜೋಡಿಸಿಯಾಗಿತ್ತು.

ಬೇಬಿ ದುಃಖ ತಡೆಯಲಾರದೆ ಮಂಡ್ಯದಲ್ಲಿರುವ ಅಕ್ಕ ಪ್ರೇಮಾಗೆ ಫೋನು ಮಾಡಿದಳು. ಪ್ರೇಮಾ ಇನ್ನಾರಿಗೋ ಮಾಡಿದಳು. ಒಂದು ಗಂಟೆಯಲ್ಲಿ ಸುದ್ದಿ ಮಂಡ್ಯವನ್ನೆಲ್ಲ ಸುತ್ತಿ, ದೂರದ ನೆಂಟಳೊಬ್ಬಳ ಫೋನಿನಲ್ಲಿ ವಾಪಸು ಬಂತು. “ಏನಮ್ಮಿ ಬೇಬಿ, ಮಗೀನ ಗಾಣ ತಿರುಗ್ಸಕ್ಕೆ ಕಳ್ಸಿದ್ದೀರಂತೆ. ನಿನ್ನ ಗಂಡಂಗೆ ಪೆನ್ಸನ್ ಬರಾಕಿಲ್ವಾ?”

ಇಷ್ಟಾದ ಮೇಲೆ ಮಾನ ಇದ್ದವನು ಕಬ್ಬಿನ ಹಾಲು ಬಿಡುತ್ತಿದ್ದ. ನಾನು ನಾಲ್ಕು ದಿನ ಬಿಟ್ಟೆ. ಐದನೆಯ ದಿನ ಊಟ ಮುಗಿಸಿ ಬೇಬಿ ಕೂಲರಿನ ಮುಂದೆ ಮಲಗಿದಳು. ನಮ್ಮ ಕೂಲರು ಓಡಿದರೆ ಸಾಮಾನು ಸಾಗಿಸುವ ವಿಮಾನ ಹಾರಿದ ಹಾಗೆ. ಬಾಗಿಲು ಹಾಕಿದರೂ ತೆಗೆದರೂ ಕೇಳುವುದಿಲ್ಲ. ಕಟಿಂಗಿಗೆ ಹೋಗಿಬರುತ್ತೇನೆಂದು ತಾರಸಿಯ ಮೇಲಿದ್ದ ಪೂರ್ವಿಗೆ ಕೂಗಿ ಹೇಳಿ, ಮೊಳೆಯಲ್ಲಿದ್ದುದನ್ನೆಲ್ಲ ಏರಿಸಿಕೊಂಡು ಹೊರಟೆ. ಎರಡು ದಿನ ಬಿಟ್ಟು ಮತ್ತೆ ಕಟಿಂಗಿಗೆ ಹೋದೆ.

“ಅಪ್ಪ, ವಾರದಲ್ಲಿ ಎರಡು ಸಲ ಕಟಿಂಗ್,” ಎಂದಳು ಪೂರ್ವಿ ಸಂಜೆ, ತೊಟ್ಟಿಗೆ ನೀರು ಸುರಿಯುತ್ತ. “ಕೂದಲು ಮಾತ್ರ ಹಾಗೇ ಇದೆ.”

“ಒಳ್ಳೆ ಕ್ಷೌರ ಅಂದ್ರೆ ಗೊತ್ತಾಗಬಾರದು,” ಎಂದೆ.

ಈ ಸಲ ಬಿಂದುಮಾಧವರೇ ಬಂದರು. ಬ್ಯಾಂಕಿನವರಲ್ಲವೇ, ಪೂರ್ತಿ ತನಿಖೆ ಮಾಡಿ, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. “ಅಂಗಡ್ಯಾವನ್ನ ಕೇಳಿದೆ ತಮ್ಮಯ್ಯ. ಮೂರು ಸಲ ಬಂದಾಳಂತ. ಮೂಕಿ ಅಂತ ನಾಟಕ ಮಾಡ್ಯಾಳಂತ. ಅವಗ ಪಾಪ ಅನಿಸಿ ಶುಂಠಿ ಜಾಸ್ತಿ ಹಾಕ್ತಾನಂತ. ಇದು ಸಣ್ಣ ವಿಷಯ ಅಲ್ಲ ನೋಡ್ರಿ. ಇವತ್ತು ಮೂಕಿ ಅಂದ್ಲು, ನಾಳೆ ಕುರುಡಿ ಅಂತಾಳ.” ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಮೆಲ್ಲಗೆ ಸೇರಿಸಿದರು, “ಸಾಕೋದ್ರಾಗ ಐತಿ ಅಂದಿದ್ರಿ.”

ಸಿಕ್ಕಿಬಿದ್ದ ಯಜಮಾನ ಮಾಡುವುದನ್ನೇ ಮಾಡಿದೆ. ಎದ್ದುನಿಂತು, “ಚಿಖಲ್‌ದರಾ ಬಂದ್. ಸೈನಿಲ್ಲ, ಗೀನಿಲ್ಲ,” ಎಂದೆ.

ಪೂರ್ವಿ ಅಳಲಿಲ್ಲ. ಒಳಗೆ ಹೋಗಿ ಸ್ವೆಟರನ್ನು ತೋಳಿಗೆ ತೋಳು ಸರಿಯಾಗಿ ಮಡಚಿ ಟ್ರಂಕಿಗೆ ಹಾಕಿದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೂಲರಿನ ಸದ್ದಿನಲ್ಲೂ ನನಗೆ ಕೇಳಿಸಿತು.

ರಾತ್ರಿ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. “ಅಮ್ಮ, ಒಂದು ಚಾನ್ಸ್. ನಾಳೆಯಿಂದ ಹನ್ನೆರಡರಿಂದ ಐದರವರೆಗೆ ನಾನು ದೇಚಮ್ಮ ಆಂಟಿ ಎದುರು ಕೂತಿರ್ತೀನಿ. ದುಪಟ್ಟಾ, ಕೋಟು, ಸ್ಕೂಟಿ ಕೀ ಎಲ್ಲಾ ಅದೇ ಮೊಳೆಗೆ ಹಾಕಿರ್ತೀನಿ. ಮುಟ್ಟಲ್ಲ. ಆಮೇಲೂ ದೂರು ಬಂದ್ರೆ ಆವಾಗ ಕೇಳಿ.” ಮೊಳೆಯ ವಿಷಯ ಹೇಳುವಾಗ ನನ್ನ ಕಡೆ ನೋಡಿದಳು.

ದೇಚಮ್ಮ ಮಡಿಕೇರಿಯ ಕಡೆಯವರು, ಸುಬೇದಾರರ ವಿಧವೆ. “ಕಣ್ಣಿನ ಆಪರೇಷನ್ ಆದ ಮೇಲೆ ನನಗೆ ಆಚೆ ಬೀದಿಯ ಬೆಕ್ಕೂ ಕಾಣ್ತದೆ,” ಎಂದರು. “ಹುಡುಗಿ ನನ್ನ ಎದುರಿಗೇ ಇರಲಿ.”

ಅದು ನನಗಿಟ್ಟ ಬಲೆ ಎಂದು ಹೊಳೆಯಲಿಲ್ಲ. ಹೊಳೆದಿದ್ದರೂ ಹೋಗುತ್ತಿದ್ದೆನೇನೋ. ಮರುದಿನ ನಲವತ್ತಾರು ಡಿಗ್ರಿ. ದೇಚಮ್ಮನವರ ಕಣ್ಣಿಗೆ ಬೀಳದಂತೆ ಹಿಂದಿನ ಮೆಟ್ಟಿಲಿಳಿದು, ಗಾಡಿ ತಳ್ಳಿಕೊಂಡೇ ಹೊರಟೆ.

ಎರಡನೆಯ ಗ್ಲಾಸು ದುಪಟ್ಟಾದೊಳಗೆ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದರು.

“ಸಿಕ್ಕಿ ನೋಡು,” ಎಂದರು ವಿಜಯಾ. ಪಕ್ಕದಲ್ಲಿ ಛತ್ರಿ ಹಿಡಿದ ಬಿಂದುಮಾಧವ. ಗಂಡ ಹೆಂಡತಿ ಒಂದು ಗಂಟೆಯಿಂದ ಬಟ್ಟೆ ಅಂಗಡಿಯ ನೆರಳಿನಲ್ಲಿ ಹೊಂಚು ಹಾಕಿ ನಿಂತಿದ್ದರಂತೆ. ಅದಕ್ಕೆಂದೇ ಅವರು ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ್ದರು. “ಬಾಯಿ ಬಿಡು. ಮಾತಾಡು. ಯಾಕ ಬಂದಿ ಇಲ್ಲಿ?”

ಬಾಯಿ ಬಿಟ್ಟರೆ ಗಂಡಸಿನ ದನಿ, ಬಟ್ಟೆ ಬಿಚ್ಚಿದರೆ ಎದುರಿಗೆ ಸೇಠರು. ತಲೆ ತಗ್ಗಿಸಿದೆ.

“ಛೋಡೋ ಮ್ಯಾಡಮ್, ಗೂಂಗೀ ಬಚ್ಚೀ ಹೈ,” ಎಂದು ಅಂಗಡಿಯವನು ಅಡ್ಡ ಬಂದ. ಹಮಾಲರೂ ನನ್ನ ಪರ ನಿಂತರು. ಮೂಗಿಯನ್ನು ಹಿಂಸೆ ಮಾಡುತ್ತಿದ್ದಾರೆಂದು ಗಲಾಟೆಯಾಯಿತು. ಕೈಗಾಡಿಗಳು ನಿಂತವು. ಟ್ರಾಫಿಕ್ ಪೊಲೀಸ್ ಬಂದ. ಎಲ್ಲರನ್ನೂ ಬಿಟ್ಟು ನನ್ನ ಮುಂದೆ ಕೈ ಚಾಚಿದ. “ಬೇಟಾ, ಲೈಸೆನ್ಸ್.”

ಕಾನೂನು ಅಂದರೆ ನನಗೆ ಗೌರವ. ಕೈ ತಾನಾಗಿ ಜೇಬಿಗೆ ಹೋಗಿ ಲೈಸೆನ್ಸ್ ಕೊಟ್ಟಿತು. ಅವನು ನನ್ನ ಮೀಸೆಯ ಫೋಟೋವನ್ನೂ ಹಳದಿ ಮಾವಿನಕಾಯಿಯನ್ನೂ ಮೂರು ಸಲ ನೋಡಿದ.

“ಹೇ ಕೋಣ? ತುಝೇ ಬಾಬಾ?” ನಿನ್ನ ಅಪ್ಪನೇ ಎಂದು ಕೇಳಿದ.

ತಲೆಯಾಡಿಸಿದೆ.

ಅಪ್ಪನ ಲೈಸೆನ್ಸಿನಲ್ಲಿ ಮಗಳು ಗಾಡಿ ಓಡಿಸುವಂತಿಲ್ಲ ಎಂದು ಅವನು ಮರಾಠಿಯಲ್ಲಿ ಹತ್ತು ನಿಮಿಷ ಬುದ್ಧಿ ಹೇಳಿದ. ಇಂಥ ಅಪ್ಪನನ್ನು ಮೊದಲು ಒಳಗೆ ಹಾಕಬೇಕು ಎಂದ. ಅದಕ್ಕೂ ತಲೆಯಾಡಿಸಿದೆ. ಕೊನೆಗೆ, “ನಮ್ಮ ಪೈಕಿ ಹುಡುಗಿ ಸಾಹೇಬ, ಬಿಡ್ರಿ,” ಎಂದು ವಿಜಯಾ ಕೈಮುಗಿದದ್ದಕ್ಕೆ ಬಿಟ್ಟ. ಗಾಡಿಯನ್ನು ಅವರೇ ಓಡಿಸಬೇಕು ಎಂದ.

ಹಾಗೆ ನಾನು ನನ್ನದೇ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಕೂತು, ಇತವಾರಿಯಿಂದ ಮನೆಯವರೆಗೆ ವಿಜಯಾ ಅವರ ಉಪದೇಶ ಕೇಳುತ್ತ ಹೊರಟೆ. ಹಿಂದೆ ಬಿಂದುಮಾಧವರ ಕಾರು, ಕೈದಿಯ ಹಿಂದಿನ ಪೊಲೀಸ್ ವ್ಯಾನಿನ ಹಾಗೆ.

“ನಿಮ್ಮಪ್ಪಗ ಮೈತುಂಬ ಸಿಟ್ಟು, ತಲಿ ತುಂಬ ಗಾಳಿ,” ಎಂದರು ವಿಜಯಾ. “ವಿಮಾನದವರಲ್ಲ, ಹೊಕ್ಕಿರಬೇಕು. ಆ ಮನಶ್ಯಾ ಏನರ ಅನ್ಲಿ, ನೀ ನಿಮ್ಮವ್ವನ ಮಾರಿ ನೋಡವಾ. ಗಂಡಗ ಸಕ್ಕರಿ ಐತಿ, ಏನರ ಆದ್ರ ನಾ ಹ್ಯಾಂಗ ಮಾಡ್ಲಿ ಅಂತ ನನ್ನ ಮುಂದ ದಿನಾ ಅಳ್ತಾಳ. ನಿಮ್ಮಪ್ಪಗಂತೂ ಅದರ ಖಬರ ಇಲ್ಲ.”

ಖಬರ್ ನಿಜವಾಗಿಯೂ ಇರಲಿಲ್ಲ. ಆದರೆ ತಲೆಯಲ್ಲಿ ಗಾಳಿ ಎಂದದ್ದನ್ನು ನಾನು ಇನ್ನೂ ಮರೆತಿಲ್ಲ.

ಮನೆ ಮುಟ್ಟಿದೆವು. ದೇಚಮ್ಮನವರ ವರಾಂಡದಲ್ಲಿ ಮೂವರು ಕೂತು ಮಾವಿನಕಾಯಿ ಹೆಚ್ಚುತ್ತಿದ್ದರು. ದೇಚಮ್ಮ, ಬೇಬಿ, ಪೂರ್ವಿ.

ವಿಜಯಾ ಎದುರಿನ ಪೂರ್ವಿಯನ್ನು ನೋಡಿದರು. ತಿರುಗಿ ಹಿಂದಿನ ಪೂರ್ವಿಯನ್ನು ನೋಡಿದರು. “ಹಂಗಾರ ಇಕಿ ಯಾರು?” ಎಂದು ಸ್ಕೂಟಿಯ ಬ್ರೇಕು ಹಿಡಿದುಕೊಂಡೇ ನಿಂತರು.

“ಕಳ್ಳಿ,” ಎಂದರು ದೇಚಮ್ಮ. “ಬಟ್ಟೆ ಕದ್ದಿದ್ದಾಳೆ, ಗಾಡಿ ಕದ್ದಿದ್ದಾಳೆ.” ಒಳಗೆ ಹೋಗಿ ಸುಬೇದಾರರ ಬೆತ್ತ ತಂದರು. ಬಿಂದುಮಾಧವ ಕಾರಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಪೊಲೀಸರಿಗೆ ಫೋನು ಒತ್ತತೊಡಗಿದರು.

ಪೂರ್ವಿ ಚಾಕು ಕೆಳಗಿಟ್ಟು ನನ್ನ ಪಾದ ನೋಡಿದಳು. ಒಡೆದ ಹಿಮ್ಮಡಿ, ಹಳೆಯ ರಬ್ಬರ್ ಚಪ್ಪಲಿ.

“ಹೊಡೀಬೇಡಿ ಆಂಟಿ. ಅಂಕಲ್, ಫೋನ್ ಬೇಡ. ಇವಳು ನನ್ನ ಫ್ರೆಂಡ್. ಪಾಪ, ಮಾತು ಬರಲ್ಲ,” ಎಂದು ನನ್ನ ಕೈ ಹಿಡಿದಳು. “ಬಾ ಮೇಲೆ, ನೀರು ಕೊಡ್ತೀನಿ.”

“ಅಯ್ಯೋ, ಈ ಬಿಸ್ಲಲ್ಲಿ ಬಂದದಲ್ಲಮ್ಮಿ ಕೂಸು,” ಎಂದಳು ಬೇಬಿ. “ನಿಲ್ಲು ಮಗಾ, ದೇಚಮ್ಮೋರ ಮನೇಲೇ ಪಾನಕ ಮಾಡ್ಕೊಂಡು ಬತ್ತೀನಿ.” ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ಮೃದುವಾಗಿ ಕರೆದದ್ದು ಅದೊಂದೇ ಸಲ.

ಮೇಲೆ ನಮ್ಮ ಅಡುಗೆಮನೆಗೆ ಹೋದೊಡನೆ ಪೂರ್ವಿ ಬಾಗಿಲು ಹಾಕಿದಳು. “ಕಟಿಂಗ್ ಚೆನ್ನಾಗಾಗಿದೆ ಅಪ್ಪ,” ಎಂದಳು. ಫ್ರಿಜ್ಜಿನ ಮೇಲಿದ್ದ ಒಪ್ಪಿಗೆ ಪತ್ರ ಕಿತ್ತು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

ನಾನು ಕೈಗವಸಿನಲ್ಲೇ ಸಹಿ ಹಾಕಿದೆ. ಸ್ವಲ್ಪ ಸೊಟ್ಟಗಾಯಿತು.

“ಈಗ ನಾನು ಇದ್ನೆಲ್ಲ ಬಿಚ್ಚಾಕಿ ಒಳಗೆ ಮಲೀಕತ್ತೀನಿ,” ಎಂದು ಪಿಸುಗುಟ್ಟಿದೆ. “ಫ್ರೆಂಡು ಹಿಂದಿನ ಬಾಗ್ಲಲ್ಲಿ ಹೋದ್ಲು ಅಂತ ಹೇಳ್ಬುಡು ಕಣವ್ವ.”

ಪೂರ್ವಿ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಳು. ಆಮೇಲೆ ನನ್ನ ನಿಯಮಗಳ ಮುಂದೆ ನಿಂತು, ನಾಲ್ಕನೆಯದರ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. “ಸು... ಳ್ಳು. ಹೇ... ಳ... ಕೂಡದು.” ನನ್ನ ಕಡೆ ತಿರುಗಿದಳು. “ನಿಮಗೋಸ್ಕರ ಕೆಳಗೆ ಒಂದು ಹೇಳಿದ್ದೀನಿ. ಎರಡನೇದು ಆಗಲ್ಲ ಅಪ್ಪ.”

ಬಾಗಿಲು ತೆಗೆದಳು.

“ಅಮ್ಮ, ಎಲ್ಲರೂ ಬನ್ನಿ. ನನ್ನ ಫ್ರೆಂಡ್‌ಗೆ ಮಾತು ಬಂತು.”

ಆಮೇಲಿನದನ್ನು ನಾನು ಬರೆಯುವುದಿಲ್ಲ. ನಾಗಪುರದ ಕನ್ನಡಿಗರೆಲ್ಲರಿಗೂ ಬಾಯಿಪಾಠವಾಗಿದೆ, ಅವರನ್ನೇ ಕೇಳಿ. ವಿಜಯಾ ಒಂದು ವಾರ ನಮ್ಮ ಮನೆಗೆ ಬರಲಿಲ್ಲ. ಸ್ಕೂಟಿಯಲ್ಲಿ ತಾವು ಏನೇನು ಅಂದೆವೆಂದು ನೆನಪು ಮಾಡಿಕೊಳ್ಳುತ್ತಿದ್ದರಂತೆ. ಬಿಂದುಮಾಧವ ಈಗ ಸಿಗ್ನಲ್ಲಿನಲ್ಲಿ ಮುಖ ಮುಚ್ಚಿಕೊಂಡ ಪ್ರತಿಯೊಬ್ಬರಿಗೂ ಕಾರಿನೊಳಗಿಂದ ನಮಸ್ಕಾರ ಮಾಡುತ್ತಾರೆ, ಯಾರಿಗೆ ಗೊತ್ತು ಎಂದು. ರಸವಂತಿಯವನು ಮಾತ್ರ, ದೀದಿ ಯಾಕೆ ಬರುತ್ತಿಲ್ಲ ಎಂದು ಗೋದಾಮಿಗೆ ಬಂದು ನನ್ನನ್ನೇ ಕೇಳಿ ಹೋದ.

ಪೂರ್ವಿ ಚಿಖಲ್‌ದರಾಕ್ಕೆ ಹೊರಡುವ ಬೆಳಿಗ್ಗೆ, ಫ್ರಿಜ್ಜಿನ ಹಾಳೆಯಲ್ಲಿ ತನ್ನ ಹೆಸರು ಹೊಡೆದು, ಮೇಲೆ ಸೊಟ್ಟ ಕನ್ನಡದಲ್ಲಿ ‘ಅಪ್ಪನಿಗೆ’ ಎಂದು ಬರೆದಳು. ನಿಯಮಗಳನ್ನು ಮುಟ್ಟಲಿಲ್ಲ. ಬೇಬಿ ಅದರ ಕೆಳಗೆ ಆರನೆಯದನ್ನು ಸೇರಿಸಿದಳು. ಕಟಿಂಗಿಗೆ ತಿಂಗಳಿಗೊಂದೇ ಸಲ, ಅದೂ ಜೊತೆಯಲ್ಲಿ.

ಮೂರನೆಯ ದಿನ ರಾತ್ರಿ ಬೆಟ್ಟದಿಂದ ಫೋನು ಬಂತು. ಹಿಂದೆ ಹುಡುಗಿಯರ ಗದ್ದಲ.

“ಅಪ್ಪ, ಇಲ್ಲಿ ಎಷ್ಟು ಚಳಿ ಗೊತ್ತಾ, ಸ್ವೆಟರ್ ಹಾಕ್ಕೊಂಡೇ ಕೂತಿದ್ದೀನಿ. ತೊಟ್ಟಿಗೆ ನೀರು ತುಂಬಿದ್ರಾ?”

ಐದನೆಯ ನಿಯಮ ಎದುರಿಗೇ ಇತ್ತು. ಬಾಯಿ ಬಿಟ್ಟು ಉತ್ತರ ಕೊಟ್ಟೆ.

“ತುಂಬ್ದೆ ಕಣವ್ವ. ಎರಡು ಸಲ.”